ಉತ್ತರಕ್ಕೆ ಕಂಡ ಬೆಳಕು

ನಿನ್ನೆ ರಾತ್ರಿ ಒಂಬತ್ತೂವರೆಗೆ ನಾರ್ವೆಯ ಟ್ರೊಮ್ಸೊದಿಂದ ಅಕ್ಕನ ಮಗನ ವಿಡಿಯೋ ಕಾಲ್. ಅಲ್ಲಿ ಇನ್ನೂ ಸಂಜೆ ಐದು, ಆಗಲೇ ಕಗ್ಗತ್ತಲು. ಧ್ರುವಪ್ರಭೆ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು ನೋಡಲು, ಪೇಟೆಯ ದೀಪ ಅಡ್ಡ ಬರುತ್ತದೆ ಅಂತ ಬಸ್ಸು ಹತ್ತಿ ದೂರ ಹೋಗಿ ಹಿಮದಲ್ಲಿ ನಿಂತಿದ್ದ.

"ಮಾವ, ಮೇಲೆ ನೋಡಿ, ಹಸಿರು!"

ನನಗೆ ಕಂಡದ್ದು ಅವನ ಮೂಗು ಮಾತ್ರ. ಆಮೇಲೆ ಫೋಟೋ ಬಂತು. ಎಳೆ ಬಾಳೆ ಎಲೆಯ ಹಸಿರು! "ಕಣ್ಣಿಗೆ ಇಷ್ಟಿಲ್ಲ ಮಾವ, ಬೂದು ಮೋಡದ ಹಾಗಿತ್ತು. ಫೋನೇ ಜಾಸ್ತಿ ಮಾಡಿದ್ದು." ಪಾಪ, ಸತ್ಯ ಹೇಳುವ ಹುಡುಗ.

ನನಗೂ ಸುಮ್ನೆ ಕೂರಲಾಗಲಿಲ್ಲ. ಬೈಕ್ ತೆಗೆದು ಪೊಸಡಿ ಗುಂಪೆ ಗುಡ್ಡಕ್ಕೆ ಹೊರಟೆ. ನಮ್ಮ ಕಾಸರಗೋಡಿನಲ್ಲಿ ಅದೆಲ್ಲ ಕಾಣುವುದಿಲ್ಲ, ಗೊತ್ತು. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಗೆ, ಅಂದರೆ ಸೂರ್ಯನಿಂದ ಸಿಡಿದು ಬಂದ ಕಣಗಳ ಹೊಡೆತಕ್ಕೆ, ಲಡಾಖಿನ ಹಾನ್ಲೆಯಲ್ಲೇ ಕ್ಯಾಮೆರಾಕ್ಕೆ ಸಿಕ್ಕಿದ್ದು ದಿಗಂತದ ಹತ್ತಿರ ಬರೀ ಕೆಂಪು. ಹಸಿರು ಇರುವುದು ನೂರು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ, ಕೆಂಪು ಅದಕ್ಕಿಂತ ತುಂಬಾ ಮೇಲೆ. ದೂರದವರಿಗೆ ಮನೆ ಕಾಣದೆ ತೆಂಗಿನ ತಲೆ ಮಾತ್ರ ಕಂಡ ಹಾಗೆ.

ನನಗೆ ಬೇಕಿದ್ದದ್ದು ಒಂದಿಷ್ಟು ಕತ್ತಲೆ, ಅಷ್ಟೇ.

ಟಾರ್ಚು ಆರಿಸಿದೆ. ಪಶ್ಚಿಮಕ್ಕೆ ಕಡಲಲ್ಲಿ ಬೋಟುಗಳ ಬಿಳಿ ಚುಕ್ಕಿ. ಕೆಳಗೆ ಯಾರದೋ ಅಡಿಕೆ ಅಂಗಳದಲ್ಲಿ ಹಗಲಿನ ಹಾಗೆ ಎಲ್‌ಇಡಿ. ಉತ್ತರಕ್ಕೆ ತಿರುಗಿದರೆ... ಹೌದು ಮಾರಾಯ್ರೆ, ಬೆಳಕು! ಅಂಚಿನುದ್ದಕ್ಕೂ ಮಂದ ಕಿತ್ತಳೆ.

ಮಂಗಳೂರು.

ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ನನ್ನ ಫೋನೂ ಸ್ವಲ್ಪ ಜಾಸ್ತಿಯೇ ಮಾಡಿತ್ತು.