ಹನ್ನೊಂದು ನಿಮಿಷದ ಫೋನು

ನವಿ ಮುಂಬಯಿಯ ಐರೋಲಿಯ ಕಾಲ್ ಸೆಂಟರಿನಲ್ಲಿ ನನ್ನ ಹೆಸರು ರಾಬ್. ರಾಘವೇಂದ್ರ ಅಂದರೆ ಅಮೆರಿಕದವರ ನಾಲಿಗೆ ತಿರುಗುವುದಿಲ್ಲವೆಂದು ಟ್ರೇನಿಂಗಿನ ಮೊದಲ ದಿನವೇ ಕೊಟ್ಟ ಹೆಸರು ಅದು. ಸಾಲ ವಸೂಲಿಗೆ ಕೂತವನಿಗೆ ಇದನ್ನು ಇಡುವಾಗ ಇಂಗ್ಲಿಷಿನಲ್ಲಿ ಅದಕ್ಕೆ ದೋಚು ಎಂಬ ಅರ್ಥವೂ ಇದೆಯೆಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ.

2012ರ ಮಾತು. ನನಗೆ ಇಪ್ಪತ್ನಾಲ್ಕು. ಅಮೆರಿಕದ ಆಸ್ಪತ್ರೆಗಳ ಬಾಕಿ ಬಿಲ್ಲು ವಸೂಲು ಮಾಡುವುದು ನಮ್ಮ ಪ್ರಾಸೆಸ್. ಬೆಳಿಗ್ಗೆ 8ರ ಮೊದಲು, ರಾತ್ರಿ 9ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದೆಂದು ಅಲ್ಲಿ ಕಾನೂನಿದೆ. ಅಲ್ಲಿನ ಟೆನೆಸ್ಸಿ ರಾಜ್ಯದ ಬಹುಪಾಲು ಊರುಗಳಲ್ಲಿ ಚಳಿಗಾಲದ ಬೆಳಿಗ್ಗೆ 8 ಅಂದರೆ ನಮಗೆ ರಾತ್ರಿ ಏಳೂವರೆ. ಹಾಗಾಗಿ ಡೊಂಬಿವಲಿಯ ಸ್ಟೇಷನ್ನಿನಲ್ಲಿ ಜನ ಲೋಕಲ್‌ನಿಂದ ಇಳಿದು ಮನೆಕಡೆ ನುಗ್ಗುವ ಹೊತ್ತಿಗೆ ನಾನು ಕಂಪನಿಯ ಸುಮೋದಲ್ಲಿ ಶಿಳ್‌ಫಾಟಾ ದಾಟುತ್ತಿದ್ದೆ.

ನಮ್ಮ ಫ್ಲೋರಿನಲ್ಲಿ ಬಿಲ್ಲು ಕಟ್ಟದವರಿಗೆಲ್ಲ ಒಂದೇ ಹೆಸರು: ಚೋರ್. 'ಕಾರಿದೆಯಂತೆ, ಐವತ್ತು ಡಾಲರ್ ಇಲ್ಲವಂತೆ' ಎಂದು ಟೀ ಬ್ರೇಕಿನಲ್ಲಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಒಂದು ರೂಮು-ಕಿಚನ್‌ನಲ್ಲಿ ಐದು ಜನ ಮಲಗುವ ಮನೆಯಲ್ಲಿ ಬೆಳೆದವನಿಗೆ ಕಾರಿಟ್ಟುಕೊಂಡವರೂ ಬಡವರಿರಬಹುದೆಂದು ನಂಬುವುದು ಸುಲಭವಲ್ಲ. ಬಸ್ಸೇ ಬಾರದ ಊರಿನಲ್ಲಿ ಕಾರು ಹೋದರೆ ಕೆಲಸವೂ ಹೋಯಿತೆಂದೇ ಅರ್ಥ ಎನ್ನುವುದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ರಾತ್ರಿ ಎಂಟೂಕಾಲಕ್ಕೆ ಡಯಲರ್, ಅಂದರೆ ತಾನೇ ಫೋನ್ ಹಚ್ಚಿಕೊಡುವ ಕಂಪ್ಯೂಟರ್, ಒಂದು ನಂಬರ್ ಕೊಟ್ಟಿತು. ಟೆನೆಸ್ಸಿಯ ಹೆಂಗಸು, ಬಾಕಿ 4,380 ಡಾಲರ್. ಮೂತ್ರಪಿಂಡದ ಕಲ್ಲಿನ ನೋವಿಗೆ ಒಂದು ರಾತ್ರಿ ಎಮರ್ಜೆನ್ಸಿಗೆ ಹೋಗಿದ್ದಾಳೆ, ಒಂದು ಸ್ಕ್ಯಾನ್ ಮಾಡಿಸಿದ್ದಾರೆ, ಬೆಳಿಗ್ಗೆ ಮನೆಗೆ ಕಳಿಸಿದ್ದಾರೆ. ಡಾಲರಿಗೆ 55 ಹಿಡಿದರೂ ಎರಡು ಲಕ್ಷ ನಲವತ್ತು ಸಾವಿರ. ರಾತ್ರಿ ಪಾಳಿಯ ಭತ್ಯೆ ಸೇರಿ ನನ್ನ ಸಂಬಳ ಆಗ ಹದಿನೆಂಟು ಸಾವಿರ.

'ಇದು ಸಾಲ ವಸೂಲಿಯ ಕರೆ, ನೀವು ಹೇಳಿದ್ದನ್ನೆಲ್ಲ ಅದಕ್ಕೇ ಬಳಸುತ್ತೇವೆ' ಎಂಬ ಕಡ್ಡಾಯದ ಮಂತ್ರ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿತು. ಪ್ಲೇಟಿನ ಮೇಲೆ ಪ್ಲೇಟು ಬೀಳುವ ಸದ್ದು, ಯಾರೋ ಆರ್ಡರ್ ಕೂಗುವ ಸದ್ದು. ಆ ಸದ್ದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯಿಂದ 1968ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲಿಗೆ ಬಂದವರು. ಮೋರಿಯಲ್ಲಿ ಕಪ್ಪು-ಬಸಿ ತೊಳೆದು, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಸಣ್ಣವನಿದ್ದಾಗ ರಜೆಯಲ್ಲಿ ಅಲ್ಲಿ ಹೋಗಿ ಕೂತರೆ ಕಿವಿಗೆ ಬೀಳುತ್ತಿದ್ದದ್ದು ಇದೇ ಸದ್ದು.

'ನಾನು ಕೆಲಸದಲ್ಲಿದ್ದೇನೆ' ಅಂದಳು. ಮಾಲೀಕರಿಗೆ ಇಷ್ಟವಾಗುವುದಿಲ್ಲ, ಇಲ್ಲಿಗೆ ಫೋನ್ ಮಾಡಬೇಡಿ ಎಂದು ಅವಳು ಒಂದು ಮಾತು ಹೇಳಿದ್ದರೆ ಅಲ್ಲಿನ ಕಾನೂನಿನಂತೆ ನಾವು ನಿಲ್ಲಿಸಲೇಬೇಕಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಹೇಳುವುದು ನನ್ನ ಕೆಲಸವಾಗಿರಲಿಲ್ಲ.

ನೂರು ಡಾಲರಿನ ಮಾಸಿಕ ಕಂತಿಗೆ ಒಪ್ಪಿಸುವುದು ನನ್ನ ಕೆಲಸ. ಅವಳು ಇಪ್ಪತ್ತು ಅಂದಳು. ಪಕ್ಕದ ಕ್ಯಾಲ್ಕುಲೇಟರ್ ಒತ್ತಿದೆ: 219 ತಿಂಗಳು. ಹದಿನೆಂಟು ವರ್ಷ ಮೂರು ತಿಂಗಳು. ಸ್ಕ್ರಿಪ್ಟಿನಲ್ಲಿ ಇದ್ದಂತೆ 'ನಿಮ್ಮ ಗಂಟೆಯ ಸಂಬಳ ಎಷ್ಟು' ಎಂದು ಕೇಳಿದೆ.

'ಎರಡು ಡಾಲರ್ ಹದಿಮೂರು ಸೆಂಟ್.'

ಸುಳ್ಳು ಅಂದುಕೊಂಡೆ. ಕನಿಷ್ಠ ಕೂಲಿ 7.25 ಎಂದು ನಮಗೆ ಟ್ರೇನಿಂಗಿನಲ್ಲೇ ಹೇಳಿದ್ದರು. ನಾನು ಕೇಳದೆಯೇ ಅವಳು ವಿವರಿಸಿದಳು, ಎಷ್ಟೋ ಜನರಿಗೆ ವಿವರಿಸಿ ಅಭ್ಯಾಸವಾದವಳಂತೆ. ಟಿಪ್ಸ್ ಪಡೆಯುವ ಕೆಲಸದವರಿಗೆ ಲೆಕ್ಕ ಬೇರೆ: ಮಾಲೀಕ ಕೊಡಬೇಕಾದ್ದು ಗಂಟೆಗೆ 2.13 ಮಾತ್ರ, ಉಳಿದದ್ದು ಗಿರಾಕಿಯ ಕೈಯಲ್ಲಿ. ಟಿಪ್ಸ್ ಸೇರಿಯೂ 7.25 ಮುಟ್ಟದಿದ್ದರೆ ಕೊರತೆಯನ್ನು ಮಾಲೀಕ ತುಂಬಬೇಕೆಂದು ಪುಸ್ತಕದಲ್ಲಿದೆ. ವಾರಕ್ಕೆ 40 ಗಂಟೆ ನಿಂತರೆ ಸಂಬಳ 85 ಡಾಲರ್ 20 ಸೆಂಟ್. ಟಿಪ್ಸಿನ ಮೇಲಿನ ತೆರಿಗೆಯನ್ನೂ ಅದರಲ್ಲೇ ಮುರಿಯುವುದರಿಂದ ಕೆಲವು ವಾರ ಚೆಕ್ಕಿನಲ್ಲಿ ಏನೂ ಇರುವುದಿಲ್ಲವಂತೆ. ಇನ್ಶೂರೆನ್ಸ್? ಹಿಂದೆ ಸರಕಾರದ ಟೆನ್‌ಕೇರ್ ಇತ್ತು. 2005ರಲ್ಲಿ ಆ ರಾಜ್ಯ ಲಕ್ಷಕ್ಕೂ ಮಿಕ್ಕಿ ವಯಸ್ಕರನ್ನು ಅದರಿಂದ ಕೈಬಿಟ್ಟಾಗ ಇವಳ ಹೆಸರೂ ಹೋಯಿತು.

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಸ್ಕ್ರಿಪ್ಟಿಗೇ ಅಂಟಿಕೊಳ್ಳುತ್ತಿದ್ದೆ. ಸಂಬಳದ ವಿಷಯ ಹೇಳುವಾಗ ಅವಳ ದನಿಯಲ್ಲಿದ್ದ ಸಂಕೋಚ, ಅಪ್ಪಯ್ಯ ನನ್ನ ಕಾಲೇಜಿನ ಫೀ ಫಾರ್ಮಿನಲ್ಲಿ ವಾರ್ಷಿಕ ವರಮಾನ ಬರೆಯುವಾಗ ಪೆನ್ನು ಹಿಡಿದು ಕೂರುತ್ತಿದ್ದ ಹಾಗಿತ್ತು.

ಲಾಭಕ್ಕಲ್ಲದೆ ನಡೆಯುವ ಆಸ್ಪತ್ರೆಗಳು ಬಡ ರೋಗಿಗಳಿಗೆ ನೆರವಿನ ನಿಯಮವನ್ನು ಬರೆದಿಟ್ಟಿರಬೇಕೆಂದು 2010ರ ಆರೋಗ್ಯ ಕಾನೂನಿನಲ್ಲಿದೆ. ನಮ್ಮ ಕ್ಲೈಂಟ್ ಅಂಥದೇ ಆಸ್ಪತ್ರೆ. ಟ್ರೇನಿಂಗಿನಲ್ಲಿ ಅದರ ಮೇಲೆ ಒಂದೇ ಒಂದು ಸ್ಲೈಡ್ ಇತ್ತು. ಅವರಾಗಿ ಕೇಳಿದರೆ ಹೇಳಿ, ಕೇಳದಿದ್ದರೆ ಬೇಡ. ನಾನು ಹೇಳಿಬಿಟ್ಟೆ. ಕಂತಿಗೆ ಒಪ್ಪಬೇಡಿ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ ನೆರವಿನ ಅರ್ಜಿ ಕೇಳಿ, ಸಂಬಳದ ಚೀಟಿ ಲಗತ್ತಿಸಿ ಅಂದೆ. ಅವಳು ಬರೆದುಕೊಳ್ಳಲು ಪೆನ್ನು ಹುಡುಕಿದಳು. ಎರಡು ಸಲ ಕೇಳಿ ಬರೆದುಕೊಂಡಳು. ಒಟ್ಟು ಹನ್ನೊಂದು ನಿಮಿಷ.

ನಾಲ್ಕು ದಿನಕ್ಕೆ, ಕರೆಗಳ ಗುಣಮಟ್ಟ ನೋಡುವ ಕ್ಯೂಎಯವರು ಆ ರೆಕಾರ್ಡಿಂಗ್ ಕೇಳಿದರು. ಅಂಕ ಸೊನ್ನೆ. ಟೀಮ್ ಲೀಡರ್ ಕರೆದು, 'ಸಮಾಜಸೇವೆಗೆ ಬೇರೆ ಫ್ಲೋರ್ ಇದೆಯಾ ನೋಡು' ಅಂದ. ಕೆಟ್ಟವನೇನಲ್ಲ ಅವನು, ಅವನ ಮೇಲೂ ಟಾರ್ಗೆಟ್ ಇತ್ತು. ಆ ತಿಂಗಳ ಇನ್ಸೆಂಟಿವ್ ಮೂರೂವರೆ ಸಾವಿರ ಹೋಯಿತು.

ಮೂರೂವರೆ ಸಾವಿರ ಎಲ್ಲಿ ಹೋಯಿತೆಂದು ಮನೆಯಲ್ಲಿ ಹೇಳಲೇಬೇಕಲ್ಲ. ಭಾನುವಾರ ಅಪ್ಪಯ್ಯ 'ಕರ್ನಾಟಕ ಮಲ್ಲ' ಪೇಪರ್ ಹರಡಿ ಅದರ ಮೇಲೆ ಬಸಳೆ ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಅನ್ನಿ.

'ಅಲ್ಲಿ ಸಯನ್ ಆಸ್ಪತ್ರೆ ತರದ್ದು ಇಲ್ಯಾ?' ಎಂದು ಮೊದಲು ಕೇಳಿದರು. ಎರಡು ವರ್ಷದ ಹಿಂದೆ ಅವರ ಹರ್ನಿಯಾ ಆಪರೇಶನ್ ಮುಂಬಯಿ ಪಾಲಿಕೆಯ ಆ ಸಯನ್ ಆಸ್ಪತ್ರೆಯಲ್ಲೇ ಆಗಿತ್ತು. ಹತ್ತು ರೂಪಾಯಿಯ ಕೇಸ್ ಪೇಪರ್, ಮೂರು ವಾರ ಕಾಯುವಿಕೆ, ಹೊರಗಿನಿಂದ ತಂದ ಔಷಧಿ. ಅಮೆರಿಕದಲ್ಲಿ ಎಮರ್ಜೆನ್ಸಿಗೆ ಬಂದವರನ್ನು ಹಣವಿಲ್ಲವೆಂದು ವಾಪಸು ಕಳಿಸುವಂತಿಲ್ಲ, 1986ರಿಂದ ಕಾನೂನಿದೆ, ಆದರೆ ಬಿಲ್ಲು ಆಮೇಲೆ ಮನೆಗೆ ಬರುತ್ತದೆ ಅಂದೆ. ಅದು ಅವರಿಗೆ ವಿಚಿತ್ರವೆನಿಸಿತು.

'ಊಟ ಹೋಟ್ಲಲ್ಲೇ ಕೊಡ್ತ್ರಾ ಅದಕ್ಕೆ? ಮಲಗೂಕೆ ಜಾಗ?'

'ಇಲ್ಲ ಅಪ್ಪಯ್ಯ. ಮನೆ ಬಾಡಿಗೆ ಅವಳೇ ಕಟ್ಟಬೇಕು.'

'ನಮ್ಮ ಧಣಿ ಬೈತಿದ್ರು, ಹೊಡೀತಿದ್ರು. ಆದ್ರೆ ಎರಡು ಹೊತ್ತು ಊಟ ಹಾಕ್ತಿದ್ರು. ಮೂರನೇ ಕ್ಲಾಸಿನ ಪಂಕ್ತಿಯೇ ಇರ್ಲಿ, ಊಟ ಊಟವೇ.' ರಾತ್ರಿ ಹೋಟೆಲಿನ ಟೇಬಲ್ ಜೋಡಿಸಿ ಮಲಗುತ್ತಿದ್ದದ್ದು, ಹಾಸಿಗೆ ಬಿಚ್ಚುವ ಮೊದಲು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದದ್ದು, ಇವೆಲ್ಲ ನನಗೆ ಕೇಳಿ ಕೇಳಿ ಬಾಯಿಪಾಠ. ಈ ಸಲ ಅದನ್ನು ಮುಂದುವರಿಸಲಿಲ್ಲ. ಆ 2.13 ಯಾವಾಗಿನ ದರ ಎಂದು ಕೇಳಿದರು.

'1991ರದ್ದು. ಆಮೇಲೆ ಏರಿಸಲೇ ಇಲ್ಲ.'

ಬಸಳೆಯ ದಂಟು ಕೈಯಲ್ಲೇ ನಿಂತಿತು. 'ಇಪ್ಪತ್ತೊಂದು ವರ್ಷ! ನಮ್ಮ ಧಣಿಗೆ ಈ ವಿಷಯ ಗೊತ್ತಿದ್ದಿದ್ರೆ ಅಮೆರಿಕಕ್ಕೆ ಹೋಯಿ ಹೋಟ್ಲು ಹಾಕ್ತಿದ್ರು.'

ಇಬ್ಬರೂ ನಕ್ಕೆವು. ಅರ್ಜಿಯ ವಿಷಯ ಹೇಳಿದ್ದು ಒಳ್ಳೆಯದಾಯಿತೆಂದು ಅವರು ಹೇಳಬಹುದೆಂದು ಕಾಯುತ್ತಿದ್ದೆ. ಆ ಖಾತೆ ನನ್ನ ಡಯಲರ್‌ಗೆ ಮತ್ತೆ ಬರಲಿಲ್ಲ. ಆಸ್ಪತ್ರೆ ಬಿಲ್ಲು ಮಾಫಿ ಮಾಡಿತೋ, ನನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರೋ ಎಂಬುದು ತಿಳಿಯುವ ದಾರಿ ಇರಲಿಲ್ಲ.

ಅಪ್ಪಯ್ಯ ಎರಡು ಎಲೆ ಬಿಡಿಸಿ, 'ನೀನು ಫೋನ್ ಮಾಡುವಾಗ ಅಲ್ಲಿ ಎಷ್ಟು ಗಂಟೆ?' ಅಂದರು.

'ಬೆಳಿಗ್ಗೆ ಎಂಟೂಮುಕ್ಕಾಲು.'

'ತಿಂಡಿ ಹೊತ್ತು ಅಲ್ದಾ?'

ಹೌದು ಅಂದೆ.

'ಹನ್ನೊಂದು ನಿಮಿಷ' ಎಂದರು ಅಪ್ಪಯ್ಯ, ನನ್ನ ಮುಖ ನೋಡದೆ. 'ಎರಡು ಟೇಬಲ್ ಹೋಯ್ತಲ್ಲ ಮಗಾ ಅದರದ್ದು.'