ತೆಂಗಿನ ಚಿಪ್ಪಿನ ಹೊಗೆ, ರಾಗಿ, ಮಾರ್ಕಸ್

2009ರ ನವೆಂಬರ್ ಕೊನೆಯ ವಾರ. ನಾವಾಗ ಅಡುಗೆ ಕಲಿಸುವ ಕಾಲೇಜಿನಲ್ಲಿ ಎರಡನೇ ವರ್ಷ. ಬೆಳಗಿನ ಕಿಚನ್ ಪ್ರಾಕ್ಟಿಕಲ್‌ಗೆ ಏಪ್ರನ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದೆವು. ಫುಡ್ ಪ್ರೊಡಕ್ಷನ್ ಮೇಷ್ಟ್ರು ಪೇಪರಿನ ತುಣುಕೊಂದನ್ನು ಹಿಡಿದು ಬಂದವರೇ ಬೋರ್ಡಿನ ಮೇಲೆ ಬರೆಯತೊಡಗಿದರು. ಆಲೂಗಡ್ಡೆ, ಬದನೆಕಾಯಿ ಸಲಾಡ್. ಮಸೂರ್ ಬೇಳೆ ಸೂಪು. ಆಲೂಗಡ್ಡೆ ಉಂಡೆ, ಜೊತೆಗೆ ಟೊಮ್ಯಾಟೊ ಚಟ್ನಿ, ಕಡಲೆಕಾಳು, ಬೆಂಡೆಕಾಯಿ. ಕಾಯಿ ಹಾಕಿದ ಬಾಸ್ಮತಿ ಅನ್ನ.

"ಇದು ಎಲ್ಲಿಯ ಊಟ, ಹೇಳ್ರೋ?"

"ನಮ್ ಹಾಸ್ಟೆಲ್ ಮೆಸ್ಸಿಂದು ಸರ್" ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕೆವು. ಮೇಷ್ಟ್ರೂ ನಕ್ಕರು. "ವೈಟ್ ಹೌಸ್‌ದು ಕಣ್ರೋ. ಮೊನ್ನೆ ನಮ್ಮ ಪ್ರಧಾನಿಗೆ ಬಡಿಸಿದ್ದು."

ಒಬಾಮಾ ಅಧ್ಯಕ್ಷರಾದ ಮೇಲೆ ಕೊಟ್ಟ ಮೊದಲ ಸರ್ಕಾರಿ ಔತಣ ಅದು. ನವೆಂಬರ್ 24ರ ರಾತ್ರಿ, ವೈಟ್ ಹೌಸಿನ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಮುನ್ನೂರಕ್ಕೂ ಜಾಸ್ತಿ ಜನರಿಗೆ ಊಟ. ಮುಖ್ಯ ಅತಿಥಿ ಮನಮೋಹನ್ ಸಿಂಗ್ ಸಸ್ಯಾಹಾರಿ. ಹಾಗಾಗಿ ಮೆನುವಿನಲ್ಲಿ ಮಾಂಸವೇ ಇಲ್ಲ. ಬೇಕೆಂದವರಿಗೆ ಸೀಗಡಿ ಕರಿ ಇತ್ತು, ಅಷ್ಟೆ. ಕರೆಯದೇ ನುಗ್ಗಿದ ಗಂಡ ಹೆಂಡತಿಯ ಸುದ್ದಿಯೇ ಮರುದಿನ ದೊಡ್ಡದಾಯಿತು. ಮೇಷ್ಟ್ರಿಗೆ ಆ ಗಲಾಟೆ ಬೇಕಿರಲಿಲ್ಲ. ಅವರ ಕಣ್ಣಿದ್ದದ್ದು ಸೊಪ್ಪಿನ ಮೇಲೆ.

"ಕೊಲಾರ್ಡ್ ಸೊಪ್ಪಿಗೆ ಹೊಗೆ ಕೊಟ್ಟಿದ್ದಾನೆ ನೋಡಿ. ಅಮೆರಿಕದ ಕಪ್ಪು ಜನರ ಮನೆ ಅಡುಗೆ ಅದು. ಅದನ್ನು ತಂದು ಕಾಯಿ ಅನ್ನದ ಪಕ್ಕ ಇಟ್ಟಿದ್ದಾನೆ. ನಾನ್ ಜೊತೆಗೆ ಅವರ ಜೋಳದ ಬ್ರೆಡ್ಡು. ಅತಿಥಿಯ ಊರೂ ಇದೆ, ಮನೆಯವರ ಊರೂ ಇದೆ. ಮಾಡಿದವನ ಊರು ಯಾವುದು ಗೊತ್ತಾ?"

ಗೊತ್ತಿರಲಿಲ್ಲ. "ಅದು ಅವನಿಗೇ ಹೇಳೋಕೆ ಕಷ್ಟ" ಎಂದರು ಮೇಷ್ಟ್ರು. ಬೋರ್ಡಿನ ಮೂಲೆಯಲ್ಲಿ ಹೆಸರು ಬರೆದರು: ಮಾರ್ಕಸ್ ಸ್ಯಾಮುಯೆಲ್ಸನ್. ವೈಟ್ ಹೌಸಿನ ಆಗಿನ ಮುಖ್ಯ ಶೆಫ್ ಕ್ರಿಸ್ಟೆಟಾ ಕಾಮರ್‌ಫರ್ಡ್ ಜೊತೆ ಆ ರಾತ್ರಿಗೆಂದೇ ಕರೆಸಿದ್ದ ಅತಿಥಿ ಶೆಫ್.

ಮುಂದಿನ ವಾರ ಅದೇ ಮೆನುವನ್ನು ನಾವು ಮಾಡಬೇಕಿತ್ತು. ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಬರೆಯುವಾಗಲೇ ಫಜೀತಿ ಶುರು. ಕೊಲಾರ್ಡ್ ಎಲ್ಲಿಂದ ತರೋದು? ಅದೂ ನವಿಲುಕೋಸೂ ಒಂದೇ ಜಾತಿ ಎಂದು ಮೇಷ್ಟ್ರೇ ಹೇಳಿಕೊಟ್ಟರು. ಮಾರ್ಕೆಟ್ಟಿನಲ್ಲಿ ಗಡ್ಡೆ ಮಾರಿ ಸೊಪ್ಪನ್ನು ಎಸೆಯುತ್ತಾರಲ್ಲ, ಅದನ್ನೇ ಒಂದು ಚೀಲ ತುಂಬಿಸಿ ತಂದೆವು. ಅಂಗಡಿಯವನು ಹಸುವಿಗಾ ಎಂದು ಕೇಳಿದ. ಸ್ಯಾಲ್ಸಿಫೈ ಎಂಬ ಬೇರಿನ ಜಾಗಕ್ಕೆ ಮೂಲಂಗಿ ಬಂತು.

ಹೊಗೆ ಕೊಡುವ ಕೆಲಸ ನನ್ನದು. ತೆಂಗಿನ ಚಿಪ್ಪನ್ನು ಕೆಂಡ ಮಾಡಿ ಬಟ್ಟಲಿಗೆ ಹಾಕಿದೆ. ಬಟ್ಟಲನ್ನು ಸೊಪ್ಪಿನ ನಡುವೆ ಇಟ್ಟು, ಕೆಂಡದ ಮೇಲೆ ಎರಡು ಹನಿ ತುಪ್ಪ ಬಿಟ್ಟು ಮುಚ್ಚಿದೆ. ಮೂರು ನಿಮಿಷ ಸಾಕಿತ್ತು. ನಾನು ಅನ್ನ ಬಸಿಯಲು ಹೋದವನು ಮರೆತೇಬಿಟ್ಟೆ. ತೆಗೆದಾಗ ಸೊಪ್ಪು ಒಲೆಯ ಬೂದಿಯ ಹಾಗಿತ್ತು. ಮೇಷ್ಟ್ರು ಒಂದು ಎಸಳು ಬಾಯಿಗಿಟ್ಟುಕೊಂಡರು, ಏನೂ ಹೇಳಲಿಲ್ಲ. ನನ್ನ ಜರ್ನಲ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: "ಹೊಗೆ ಜಾಸ್ತಿ. ಇನ್ನೊಮ್ಮೆ ಮಾಡು."

ಆ ಶೆಫ್ ಯಾರು ಎಂದು ಸರಿಯಾಗಿ ಓದಿದ್ದು ಮೂರು ವರ್ಷದ ನಂತರ. ಆಗ ಬೆಂಗಳೂರಿನ ಹೋಟೆಲೊಂದರಲ್ಲಿ ಕಮಿ, ಅಂದರೆ ಕಿಚನ್ನಿನ ಕೆಳಗಿನ ದರ್ಜೆಯ ಅಡುಗೆಯವನಾಗಿ ಈರುಳ್ಳಿ ಹೆಚ್ಚುತ್ತಿದ್ದೆ. 2012ರಲ್ಲಿ ಮಾರ್ಕಸ್ ಅವರ ಆತ್ಮಕಥೆ ಬಂತು. ಹೆಸರು 'ಯೆಸ್, ಶೆಫ್'. ದಿನಕ್ಕೆ ಇನ್ನೂರು ಸಲ ನಾನೇ ಹೇಳುತ್ತಿದ್ದ ಮಾತು! ರಾತ್ರಿ ಶಿಫ್ಟ್ ಮುಗಿಸಿ, ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು ಓದಿದೆ.

1970ರ ಆಸುಪಾಸಿನಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ. ಹೆಸರು ಕಸ್ಸಾಹುನ್. ಎರಡು ಮೂರು ವರ್ಷದವನಿದ್ದಾಗ ಅವನಿಗೆ, ಅಕ್ಕನಿಗೆ, ಅಮ್ಮನಿಗೆ ಮೂವರಿಗೂ ಕ್ಷಯ. ಅಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಡಿಸ್ ಅಬಾಬಾದ ಆಸ್ಪತ್ರೆಗೆ ನಡೆದೇ ಹೋದಳು. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ನಮ್ಮ ಮಂಡ್ಯದಿಂದ ಬೆಂಗಳೂರಿಗೆ ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು, ಕೆಮ್ಮುತ್ತ ನಡೆದ ಹಾಗೆ. ಮಕ್ಕಳು ಉಳಿದರು, ತಾಯಿ ಉಳಿಯಲಿಲ್ಲ. ಆಕೆಯ ಒಂದು ಫೋಟೊ ಕೂಡ ಇಲ್ಲ. ಅಮ್ಮನ ಮುಖ ಹೇಗಿತ್ತು ಅನ್ನುವುದೇ ಮಾರ್ಕಸ್ ಅವರಿಗೆ ಗೊತ್ತಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ದಂಪತಿ ಅಕ್ಕ ತಮ್ಮ ಇಬ್ಬರನ್ನೂ ದತ್ತು ತೆಗೆದುಕೊಂಡರು. ಫಂತಾಯೆ ಲಿಂಡಾ ಆದಳು, ಕಸ್ಸಾಹುನ್ ಮಾರ್ಕಸ್ ಆದ. ಸಾಕು ತಂದೆ ಲೆನ್ನಾರ್ಟ್ ಭೂವಿಜ್ಞಾನಿ, ಮೂಲತಃ ಸ್ಮೋಗೆನ್ ಎಂಬ ಮೀನುಗಾರರ ಊರಿನವರು. ಬೇಸಿಗೆ ರಜೆ ಎಂದರೆ ಅಲ್ಲಿ ದೋಣಿ, ಬಂಗುಡೆಯ ಜಾತಿಯ ಮೀನು, ಮೀನಿಗೆ ಹೊಗೆ ಹಾಕುವ ಗೂಡು. ವೈಟ್ ಹೌಸಿನ ಸೊಪ್ಪಿಗೆ ಹೊಗೆ ಎಲ್ಲಿಂದ ಬಂತು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಅಮೆರಿಕದ ದಕ್ಷಿಣದ ಅಡುಗೆ ಅನ್ನಿ, ಒಪ್ಪುತ್ತೇನೆ. ಆದರೆ ಕೈಗೆ ಮೊದಲು ಹತ್ತಿದ ಹೊಗೆ ಸ್ಮೋಗೆನ್ನಿನದು.

ಅಡುಗೆ ಕಲಿಸಿದ್ದು ಅಜ್ಜಿ ಹೆಲ್ಗಾ. ಬೇರೆಯವರ ಮನೆಗಳಲ್ಲಿ ಅಡುಗೆ ಕೆಲಸ ಮಾಡಿ ಬಂದಿದ್ದ ಹೆಂಗಸು. ಉಪ್ಪಿನಕಾಯಿ, ಜಾಮು, ಇಡೀ ಕೋಳಿ ಹುರಿಯುವುದು, ಖೀಮಾ ಉಂಡೆ ಕಟ್ಟುವುದು, ಎಲ್ಲವನ್ನೂ ಮೊಮ್ಮಗ ಅವರ ಪಕ್ಕ ನಿಂತೇ ಕಲಿತದ್ದು. ಆದರೂ ಹುಡುಗನ ಕನಸು ಅಡುಗೆ ಅಲ್ಲ, ಫುಟ್‌ಬಾಲ್. ಗಾಯಿಸ್ ಎಂಬ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ. ಹದಿನಾರಕ್ಕೆ, ಮೈಕಟ್ಟು ಸಾಲದು ಎಂದು ಕೈಬಿಟ್ಟರು. ಆಮೇಲೆ ಅಡುಗೆ ಶಾಲೆ. ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್, ಆಸ್ಟ್ರಿಯಾ, ಹಡಗಿನ ಕಿಚನ್, ಫ್ರಾನ್ಸಿನಲ್ಲಿ ಆಗ ಮಿಷೆಲಿನ್ ಗೈಡಿನ ಮೂರು ಸ್ಟಾರ್ ಇದ್ದ ಜಾರ್ಜ್ ಬ್ಲಾಂಕ್ ಅವರ ಅಡುಗೆಮನೆ. ಮೈಬಣ್ಣ ನೋಡಿ ಬಾಗಿಲಿಂದಲೇ ವಾಪಸ್ ಕಳಿಸಿದ ಕಡೆಗಳೂ ಇದ್ದವು.

1991ರಲ್ಲಿ ನ್ಯೂಯಾರ್ಕಿಗೆ, ಅಕ್ವಾವಿಟ್ ಎಂಬ ಸ್ವೀಡಿಷ್ ರೆಸ್ಟೋರೆಂಟಿಗೆ ಅಪ್ರೆಂಟಿಸ್ ಆಗಿ ಬಂದರು. 1995ರಲ್ಲಿ ಅಲ್ಲಿನ ಮುಖ್ಯ ಶೆಫ್ ಹಠಾತ್ತನೆ ತೀರಿಕೊಂಡಾಗ ಸೌಟು ಇವರ ಕೈಗೆ ಬಂತು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ವಿಮರ್ಶೆಯಲ್ಲಿ ಮೂರು ಸ್ಟಾರ್ ಕೊಟ್ಟಿತು. ವಯಸ್ಸು ಇನ್ನೂ ಇಪ್ಪತ್ನಾಲ್ಕು. ಅಲ್ಲಿಯವರೆಗೆ ಅಷ್ಟು ಚಿಕ್ಕವರಿಗೆ ಅದು ಸಿಕ್ಕಿರಲಿಲ್ಲ. 2003ರಲ್ಲಿ ನ್ಯೂಯಾರ್ಕಿನ ಅತ್ಯುತ್ತಮ ಶೆಫ್ ಎಂದು ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ. ಟೀವಿ, 'ಟಾಪ್ ಶೆಫ್ ಮಾಸ್ಟರ್ಸ್' ಗೆಲುವು, 'ಚಾಪ್ಡ್' ತೀರ್ಪುಗಾರಿಕೆ ಎಲ್ಲವೂ ಆಮೇಲೆ ಸಾಲಾಗಿ ಬಂದವು. ಅದು ನಿಮಗೆ ಯೂಟ್ಯೂಬಿನಲ್ಲೇ ಸಿಗುತ್ತದೆ. ಅವರು ಗೆದ್ದ ಮರುವರ್ಷ ಅದೇ ಸ್ಪರ್ಧೆ ಗೆದ್ದವರು ಮುಂಬೈನ ಫ್ಲಾಯ್ಡ್ ಕಾರ್ಡೋಜ್ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ. ಕಾರ್ಡೋಜ್ 2020ರ ಮಾರ್ಚಿನಲ್ಲಿ ಕೋವಿಡ್‌ಗೆ ಬಲಿಯಾದರು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆಲುವುಗಳಲ್ಲ. ಇಪ್ಪತ್ತರ ವಯಸ್ಸಿನಲ್ಲಿ ತನಗೆ ಹುಟ್ಟಿದ ಮಗಳನ್ನು ಆಕೆ ದೊಡ್ಡವಳಾಗುವವರೆಗೆ ನೋಡಲು ಹೋಗಲಿಲ್ಲ ಎಂದು ಬರೆದುಕೊಂಡಿದ್ದಾರೆ. ದುಡ್ಡು ಹೋಗುತ್ತಿತ್ತು, ಇವರು ಹೋಗುತ್ತಿರಲಿಲ್ಲ. ನನಗೆ ಅದು ಇಷ್ಟವಾಗಲಿಲ್ಲ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ ಅನ್ನುವುದೂ ನಿಜ. ಇನ್ನೊಂದು, ಸತ್ತಿದ್ದಾರೆ ಎಂದುಕೊಂಡಿದ್ದ ಹೆತ್ತ ತಂದೆ ಇಥಿಯೋಪಿಯಾದ ಹಳ್ಳಿಯಲ್ಲಿ ಬದುಕಿದ್ದರು. ಹುಡುಕಿ ಪತ್ತೆ ಮಾಡಿದ್ದು ಅಕ್ಕ ಲಿಂಡಾ. ಗೊತ್ತೇ ಇರದ ತಮ್ಮ ತಂಗಿಯರು ಅಲ್ಲಿ ಒಂದು ಮನೆ ತುಂಬ.

ಮೂವತ್ತು ದಾಟಿದ ಮೇಲೆ ಹುಟ್ಟಿದೂರಿನ ಊಟವನ್ನು ಹೊಸಬರ ಹಾಗೆ ಕಲಿತ ಶೆಫ್ ಇವರು. ಬರ್ಬರೆ ಎಂಬ ಖಾರದ ಪುಡಿ ಇದೆ. ಒಣಮೆಣಸಿನಕಾಯಿ, ಮೆಂತ್ಯ, ಏಲಕ್ಕಿ, ಶುಂಠಿ ಎಲ್ಲ ಸೇರಿದ್ದು. ನಮ್ಮ ಸಾರಿನ ಪುಡಿಗೆ ದೂರದ ಸಂಬಂಧಿ ಅನ್ನಬಹುದು. ಮುಖ ನೆನಪಿಲ್ಲದ ಅಮ್ಮ ಅದನ್ನು ಹಾಕಿ ಶಿರೋ ಎಂಬ ಕಡಲೆ ಹಿಟ್ಟಿನ ಗಟ್ಟಿ ಸಾರು ಮಾಡುತ್ತಿದ್ದಿರಬೇಕು ಎಂದು ಊಹಿಸಿಕೊಳ್ಳುತ್ತಾರೆ. ಫೋಟೊ ಇಲ್ಲದವರಿಗೆ ಪುಡಿಯ ಡಬ್ಬಿ.

ಇದನ್ನು ಓದಿದ ರಾತ್ರಿ ನನಗೆ ನಾಚಿಕೆಯಾಯಿತು. ಕಾರಣ ಹೇಳುತ್ತೇನೆ. ಕಾಲೇಜಿಗೆ ಸೇರಿದ ಮೊದಲ ವಾರ ಎಲ್ಲರ ಮನೆ ಅಡುಗೆ ಕೇಳಿದ್ದರು. ಪಕ್ಕದವನು ಬಿರಿಯಾನಿ ಎಂದ, ಇನ್ನೊಬ್ಬಳು ನೀರ್‌ದೋಸೆ, ಕೋಳಿ ಗಸಿ ಎಂದಳು. ನಾನು ಪಲಾವ್ ಎಂದೆ. ನಮ್ಮನೆಯಲ್ಲಿ ಮೂರು ಹೊತ್ತೂ ಮುದ್ದೆ. ಪಲಾವ್ ಆಗುತ್ತಿದ್ದದ್ದು ಹಬ್ಬಕ್ಕೆ, ಅದೂ ಚಿಕ್ಕಪ್ಪ ಬಂದರೆ. ಬಿಳಿ ಕೋಟು ಹಾಕಿಕೊಂಡು ಮುದ್ದೆ ಅನ್ನೋಕೆ ನಾಲಿಗೆ ಬರಲಿಲ್ಲ.

ಆ ರಾಗಿಯ ತವರು ಯಾವುದು ಗೊತ್ತಾ? ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಅಲ್ಲಿಯವರು ಅದಕ್ಕೆ ದಗುಸಾ ಅನ್ನುತ್ತಾರೆ. ಅವರ ಇಂಜೆರಾ, ದೋಸೆಯಂಥ ಹುಳಿ ರೊಟ್ಟಿ, ಸಾಮಾನ್ಯವಾಗಿ ಟೆಫ್ ಎಂಬ ಕಾಳಿನದು, ರಾಗಿಗಿಂತಲೂ ಸಣ್ಣ ಕಾಳು. ಕೆಲವು ಕಡೆ ಅದಕ್ಕೆ ದಗುಸಾ ಬೆರೆಸುತ್ತಾರೆ. ನಾನು ಪಲಾವ್ ಎಂದು ಸುಳ್ಳು ಹೇಳಿ ಮುಚ್ಚಿಟ್ಟ ಕಾಳಿಗೂ, ಬೋರ್ಡಿನ ಮೂಲೆಯಲ್ಲಿದ್ದ ಆ ಹೆಸರಿಗೂ ಒಂದೇ ಊರು!

2010ರ ಡಿಸೆಂಬರ್‌ನಲ್ಲಿ ಮಾರ್ಕಸ್ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆ ಎಂದೇ ಹೆಸರಾದ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ ರೆಡ್ ರೂಸ್ಟರ್ ಎಂಬ ರೆಸ್ಟೋರೆಂಟ್ ತೆರೆದರು. ಅದಕ್ಕೂ ಮೊದಲು ಆಫ್ರಿಕಾದ ಅಡುಗೆಗೆಂದೇ ತೆರೆದಿದ್ದ ಮರ್ಕಾಟೊ 55 ಹೆಚ್ಚು ದಿನ ನಡೆದಿರಲಿಲ್ಲ. ರೂಸ್ಟರ್ ಮೆನುವಿನಲ್ಲಿ ಕರಿದ ಕೋಳಿ, ಜೋಳದ ಬ್ರೆಡ್ಡು ಮತ್ತು ಅಜ್ಜಿ ಹೆಲ್ಗಾ ಹೆಸರಿನ ಖೀಮಾ ಉಂಡೆ. ಹೊರಗಿನಿಂದ ಬಂದು ಹಾರ್ಲೆಮ್ ಮಾರುತ್ತಿದ್ದಾರೆ ಎಂದು ಬೈದವರೂ ಇದ್ದರು. ಬೈದದ್ದರಲ್ಲಿ ಸ್ವಲ್ಪ ಹುರುಳಿತ್ತು ಅಂತ ನನಗೂ ಅನ್ನಿಸುತ್ತದೆ. ಆದರೆ 2020ರಲ್ಲಿ ಊರೆಲ್ಲ ಬಾಗಿಲು ಹಾಕಿದ್ದಾಗ ಅದೇ ಅಡುಗೆಮನೆಯಿಂದ ಅಕ್ಕಪಕ್ಕದ ಜನರಿಗೆ ಊಟದ ಪೊಟ್ಟಣ ಹೋದವು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ? ಟೀವಿ ಕಾರ್ಯಕ್ರಮಗಳಲ್ಲಿ ನಾನು ಪೂರ್ತಿ ನೋಡಿದ್ದು 2018ರ 'ನೋ ಪಾಸ್‌ಪೋರ್ಟ್ ರಿಕ್ವೈರ್ಡ್' ಒಂದೇ. ಅದರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಇಂಡೋ-ಗಯಾನೀಸ್ ಜನರ ಮನೆ ಅಡುಗೆ ನೋಡಲು ಹೋಗುತ್ತಾರೆ. ಕಬ್ಬಿನ ತೋಟದ ಕೂಲಿಗೆಂದು ಭಾರತ ಬಿಟ್ಟು ಗಯಾನಾಕ್ಕೆ ಹೋದವರ ವಂಶದವರು. ಎರಡು ಸಲ ಊರು ಬಿಟ್ಟವರ ಒಲೆಯ ಮುಂದೆ ಎರಡು ಸಲ ಊರು ಬಿಟ್ಟ ಶೆಫ್.

ಕಳೆದ ವರ್ಷ ರಜೆಗೆ ಊರಿಗೆ ಹೋದಾಗ ಟೆಫ್ ಇಲ್ಲದೇ ಬರೀ ರಾಗಿಯಲ್ಲಿ ಇಂಜೆರಾ ಮಾಡಿ ನೋಡಿದೆ. ಹಿಟ್ಟು ಕಲಸಿ ಮೂರು ದಿನ ಹುಳಿ ಬರಿಸಿದೆ. ಅಮ್ಮ ದಿನಾ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸುತ್ತಿದ್ದಳು. ಕಾವಲಿಗೆ ಹೊರಗಿನಿಂದ ಒಳಕ್ಕೆ ಸುತ್ತಿ ಹುಯ್ದೆ. ತೂತುಗಳು ಬೇಗ ಬೇಗ ಎದ್ದವು. ಮುಚ್ಚಿ, ಒಂದೇ ಮಗ್ಗುಲು ಬೇಯಿಸಿ ತೆಗೆದೆ. ಅಂಚು ಸೀಳಿತ್ತು.

"ಅದ್ಯಾಕ್ಲಾ ಮಗುಚಾಕಲ್ಲ?" ಎಂದಳು ಅಮ್ಮ.

"ಅವರು ಮಗುಚಲ್ಲ ಕಣಮ್ಮ."

"ಯಾರವರು?"

ಹೇಳಿದೆ. ಅಡಿಸ್ ಅಬಾಬಾದ ದಾರಿ, ಎರಡು ಮಕ್ಕಳು, ಆಸ್ಪತ್ರೆ. ಅಮ್ಮ ಸುಮ್ನೆ ಕೇಳಿಸಿಕೊಂಡಳು. ಮೂರನೆಯದಕ್ಕೆ ಹಿಟ್ಟು ತೆಗೆದುಕೊಳ್ಳುವಷ್ಟರಲ್ಲಿ ಸೌಟು ನನ್ನ ಕೈಯಿಂದ ಕಿತ್ತುಕೊಂಡಳು. "ಉರಿ ಜಾಸ್ತಿ ಮಾಡಿದೀಯ, ಸರಿ ಆಚೆಗೆ."