ಅಣಶಿ ಕಾಡಿನ ದಾರಿ, ಮತ್ತು ಸಫಾರಿ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ

ಕಾರವಾರದ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಸಮುದ್ರ ಚೆನ್ನಾಗಿತ್ತು. ಯುದ್ಧನೌಕೆ ಮ್ಯೂಸಿಯಂ ನೋಡಿದೆವು, ಬಂಗಡೆ ಫ್ರೈ ತಿಂದೆವು. ಸದಾಶಿವಗಡದ ಹತ್ತಿರ ಕಾಳಿ ನದಿ ಸಮುದ್ರ ಸೇರುವ ಜಾಗ ನೋಡಿದ ಮೇಲೆ, ಅದು ಇಳಿದು ಬರುವ ಕಾಡನ್ನೂ ನೋಡಬೇಕು ಅಂತ ಕಾರು ಮಾಡಿಕೊಂಡು ಕದ್ರಾ ಕಡೆ ಹೊರಟೆವು. ಬರೆಯಬೇಕು ಅನ್ನಿಸಿದ್ದು ಅಲ್ಲಿಂದ ಮುಂದಿನದು.

ಕದ್ರಾ ದಾಟಿದ ಮೇಲೆ ಅಣಶಿ ಘಾಟಿ ಶುರು. ಒಂದೊಂದು ತಿರುವಿಗೂ ಕಾಡು ದಟ್ಟವಾಗುತ್ತದೆ, ಕರಾವಳಿಯ ಸೆಖೆ ಹಿಂದೆ ಉಳಿಯುತ್ತದೆ. ಮೇಲೆ ಹತ್ತಿದರೆ ಅಣಶಿ ರಾಷ್ಟ್ರೀಯ ಉದ್ಯಾನ. ಇದು ಆಗಿದ್ದು 1987ರಲ್ಲಿ, ಸುಮಾರು 340 ಚದರ ಕಿಲೋಮೀಟರ್. ಪಕ್ಕದ ದಾಂಡೇಲಿ ಅಭಯಾರಣ್ಯ ಇನ್ನೂ ಹಳೆಯದು, 1956ರದ್ದು. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನೇ ಇಟ್ಟರು. ನನಗಂತೂ ಈ ಹೆಸರು ತುಂಬಾ ಇಷ್ಟ. ಈ ಕಾಡು ಉಳಿದರೆ ತಾನೇ ಆ ನದಿ?

ದಾಂಡೇಲಿಯಲ್ಲಿ ಆದ ಒಂದು ಕಿರಿಕಿರಿ ಹೇಳಿಬಿಡುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗವಾಗಲಿ. ಒಂದು ಖಾಸಗಿ ರೆಸಾರ್ಟಿನವರು ರೂಮಿನ ಜೊತೆ ಸಫಾರಿಗೂ ಸೇರಿಸಿ ಮುಂಗಡ ದುಡ್ಡು ತೆಗೆದುಕೊಂಡಿದ್ದರು. ಹೋಗಿ ನೋಡಿದರೆ ಯಾವ ಬುಕಿಂಗೂ ಇಲ್ಲ. 'ನಾಳೆ ನೋಡೋಣ ಮೇಡಂ' ಅಂದರು. ರಾತ್ರಿ ಹತ್ತರ ಮೇಲೂ ಈಜುಕೊಳದ ಪಕ್ಕ ದೊಡ್ಡ ಸ್ಪೀಕರ್ ಹಚ್ಚಿ ಕುಣಿತ. ಕಾಡಿನ ಅಂಚಿನಲ್ಲಿ ಇದೆಂಥ ಖುಷಿ? ಕಾಡಿಗೆ ಬಂದು ಕಾಡಿನ ಸದ್ದು ಕೇಳದ ಹಾಗೆ ಮಾಡುವುದು ನನಗೆ ಸುತರಾಂ ಹಿಡಿಸಲಿಲ್ಲ. ಹಾಗಾಗಿ ಹೇಳುತ್ತೇನೆ, ಸಫಾರಿ ಟಿಕೆಟನ್ನು ಅರಣ್ಯ ಇಲಾಖೆಯ ಕೌಂಟರ್‌ನಲ್ಲೇ ತೆಗೆದುಕೊಳ್ಳಿ. ರಸೀದಿ ಕೇಳಿ ಪಡೆಯಿರಿ. ಕೈಯಲ್ಲಿ ನಗದು ಇರಲಿ, ಜೊಯಿಡಾ ಕಡೆ ಫೋನ್ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ನಾವೇ ಪಣಸೋಲಿ ಗೇಟಿಗೆ ಹೋಗಿ ಟಿಕೆಟ್ ತೆಗೆದೆವು. ಹುಲಿ ಕಾಣಲಿಲ್ಲ. ಕಾಡುಕೋಣದ ಒಂದು ಹಿಂಡು, ಕೆಂದಳಿಲು, ಮತ್ತೆ ಮಂಗಟ್ಟೆ ಹಕ್ಕಿಗಳು. ಮಂಗಟ್ಟೆ ತಲೆ ಮೇಲೆ ಹಾರಿದರೆ ರೆಕ್ಕೆಯ ಸದ್ದೇ ಮೊದಲು ಕೇಳುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕೂರುತ್ತದೆ. ಗಂಡು ಸಣ್ಣ ಸೀಳಿನಲ್ಲಿ ಹಣ್ಣು ಕೊಡುತ್ತಾ ಸಾಕುತ್ತದೆ. ಗಂಡು ಸತ್ತರೆ ಒಳಗಿನ ಸಂಸಾರಕ್ಕೂ ಉಳಿಗಾಲ ಕಷ್ಟ. ಅಷ್ಟು ದೊಡ್ಡ ಪೊಟರೆ ಇರುವ ಹಳೇ ಮರ ಕಡಿದರೆ ಈ ಹಕ್ಕಿಗೆ ಬೇರೆ ಮನೆ ಎಲ್ಲಿದೆ?

ಸಫಾರಿ ಮುಗಿದಾಗ ನಮ್ಮ ಕಾರಿನ ಡ್ರೈವರ್ ತಿಂಡಿಗೆ ಹೋಗಿದ್ದ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಅಲ್ಲೇ ಕಾಡು ಕಾಯುವ ವಾಚರ್ ಒಬ್ಬರು ಕತ್ತಿ ಮಸೆಯುತ್ತಿದ್ದರು. ವಯಸ್ಸಾದವರು, ಜೊಯಿಡಾ ತಾಲ್ಲೂಕಿನ ಕಾಡಿನ ಊರುಗಳಲ್ಲಿ ನೆಲೆಸಿರುವ ಕುಣಬಿ ಸಮುದಾಯದವರು. ನಾನು ಧಾರವಾಡದಲ್ಲಿ ಹೈಸ್ಕೂಲ್ ಟೀಚರ್ ಅಂತ ಗೊತ್ತಾದ ಮೇಲೆ ಮಾತು ಸಲೀಸಾಯಿತು. ಕೈಯಲ್ಲಿದ್ದ ರಸೀದಿ ತೋರಿಸಿದೆ. ಅದರ ಮೇಲೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಅಂತ ಅಚ್ಚಾಗಿತ್ತು.

"ಕಾಕಾ, ಇದು ಯಾರದು? ಯಾರೋ ಸಾಹುಕಾರರ ಟ್ರಸ್ಟಾ?"

"ಅಲ್ರಿ ಅಕ್ಕೋರೆ, ಸರ್ಕಾರದ್ದ. ಆದ್ರ ರೊಕ್ಕದ ಲೆಕ್ಕ ಬ್ಯಾರೆ. ನೀವು ಕೊಟ್ಟದ್ದು ಬೆಂಗಳೂರಿಗೆ ಹೋಗಂಗಿಲ್ಲ, ಇಲ್ಲೇ ಕಾಡಿಗೆ ಬರ್ತೈತಿ. ನಮ್ಮ ಪಗಾರಾನೂ ಅದರಾಗ ಐತಿ."

ನಾನು ಬೆರಗಾದೆ. ಇಷ್ಟು ವರ್ಷ ಎಷ್ಟೋ ಕಾಡುಗಳ ಗೇಟಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿದ್ದೇನೆ. ಅದು ಖಜಾನೆಗೆ ಹೋಗುತ್ತದೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಕಾಯ್ದೆಯನ್ನೇ ತೆಗೆದು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಿದ್ದುಪಡಿ ತಂದಾಗ 38 ಎಕ್ಸ್ ಅನ್ನುವ ಕಲಮು ಸೇರಿಸಿದ್ದಾರೆ. ರಾಜ್ಯ ಸರ್ಕಾರ ಹುಲಿ ಪ್ರದೇಶಗಳಿಗೆ ಇಂಥ ಪ್ರತಿಷ್ಠಾನ ಮಾಡಬೇಕು ಅನ್ನುತ್ತದೆ ಅದು. ಪ್ರವೇಶ ಶುಲ್ಕ ಮುಂತಾದ ದುಡ್ಡನ್ನು ಮತ್ತೆ ಅದೇ ಕಾಡಿನ ಕೆಲಸಕ್ಕೆ ತಿರುಗಿಸುವುದು, ಬೇರೆ ಕಡೆಯಿಂದಲೂ ನೆರವು ಪಡೆಯುವುದು, ಸಂಶೋಧನೆ, ಪರಿಸರ ಶಿಕ್ಷಣ, ಸ್ಥಳೀಯರನ್ನು ಸೇರಿಸಿಕೊಂಡು ಪ್ರವಾಸೋದ್ಯಮ ಎಲ್ಲವೂ ಅದರ ಕೆಲಸ. ಕಾಡಿನ ಜೊತೆ ಜನರ ಏಳಿಗೆಯನ್ನೂ ಅದೇ ಸಾಲುಗಳಲ್ಲಿ ಬರೆದಿದ್ದಾರೆ.

ಕಟ್ಟೆಯ ಮೇಲಿನ ಮಾತು ಮುಂದುವರಿಯಿತು. ಡ್ರೈವರ್ ಬಂದು ನಿಂತರೂ ನಾವು ಏಳಲಿಲ್ಲ.

"ಪಗಾರ ಯಾವ ಕೆಲಸಕ್ಕೆ ಕಾಕಾ?"

"ಈಗ ಬೆಂಕಿ ರೇಖಿ. ಚಳಿಗಾಲದಾಗ ಹುಲ್ಲು, ತರಗೆಲಿ ಸವರಿ ಲೈನ್ ಮಾಡ್ತೀವಿ. ಬ್ಯಾಸಿಗಿ ಮುಗಿಯೋ ತನಕ ಕಾಯೋದು. ಕಾಡು ತಾನಾಗಿ ಹತ್ತಂಗಿಲ್ರಿ. ಯಾರೋ ಬೀಡಿ ಒಗೀತಾರ, ಯಾರೋ ಜೇನು ತೆಗೆಯಾಕ ಹೊಗಿ ಹಾಕ್ತಾರ. ಒಮ್ಮೆ ಹತ್ತಿತು ಅಂದ್ರ ಹಸಿ ಸೊಪ್ಪು ಹಿಡಕೊಂಡು ಬಡಿಯೋದ."

ದಾಂಡೇಲಿ ಕಡೆಯ ತೇಗ, ಬಿದಿರಿನ ಕಾಡು ಫೆಬ್ರವರಿ ಹೊತ್ತಿಗೆ ಎಲೆ ಉದುರಿಸಿ ಒಣಗಿರುತ್ತದೆ. ಅಣಶಿಯ ಹಸಿರು ಕಾಡಿಗಿಂತ ಇಲ್ಲಿ ಬೆಂಕಿಯ ಭಯ ಹೆಚ್ಚು. ಬೆಂಕಿ ದಾಟಿ ಹರಡದಿರಲಿ ಅಂತ ಹಾಗೆ ಸವರಿದ ಒಂದು ಪಟ್ಟಿಯನ್ನು ಸಫಾರಿಯಲ್ಲಿ ನಾನೇ ನೋಡಿದ್ದೆ. ಜೀಪಿನಲ್ಲಿದ್ದ ಯಾರೂ ಅದರ ಬಗ್ಗೆ ಕೇಳಲಿಲ್ಲ, ಎಲ್ಲರ ಕಣ್ಣೂ ಹುಲಿಗಾಗಿ.

ಹುಲಿ ಗಣತಿಗೆ ಕ್ಯಾಮೆರಾ ಹೊತ್ತು ನಡೆದವರೂ ಇವರೇ. ದಾರಿಯ ಎರಡೂ ಬದಿಗೆ ಎದುರುಬದುರು ಒಂದೊಂದು ಕಟ್ಟಬೇಕಂತೆ. ಏಕೆಂದರೆ ಹುಲಿಯನ್ನು ಗುರುತಿಸುವುದೇ ಪಟ್ಟೆಯಿಂದ, ಒಂದೇ ಹುಲಿಯ ಎಡಬದಿಯ ಪಟ್ಟೆ ಬಲಬದಿಯ ಹಾಗೆ ಇರುವುದಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಬಂದಾಗ ನಾವೆಲ್ಲ ಖುಷಿಪಟ್ಟೆವು, ಮಧ್ಯಪ್ರದೇಶ ಬಿಟ್ಟರೆ ನಾವೇ ಅಂತ ಮಕ್ಕಳಿಗೂ ಹೇಳಿದೆವು. ಆ ಸಂಖ್ಯೆಯ ಹಿಂದೆ ಇಂಥವರ ಕಾಲಿನ ನೋವು ಎಷ್ಟಿದೆಯೋ.

ಅವರ ಊರಿನ ಬಗ್ಗೆ ಕೇಳಿದೆ. ಅವರ ತಾಯಿಯ ತವರು ಸೂಪಾ ಅಣೆಕಟ್ಟಿನ ನೀರಿನಲ್ಲಿ ಹೋಯಿತು. 101 ಮೀಟರ್ ಎತ್ತರದ ಆ ಅಣೆಕಟ್ಟು ಗಣೇಶಗುಡಿಯಲ್ಲಿದೆ. ಹಳೇ ಸೂಪಾ ಊರೇ ಅದರಲ್ಲಿ ಮುಳುಗಿ, ತಾಲ್ಲೂಕು ಕಚೇರಿಗಳು ಜೊಯಿಡಾಕ್ಕೆ ಬಂದವು. ಈಗ ಕಾಡಿನೊಳಗಿನ ಊರುಗಳಿಗೆ ಮತ್ತೆ ಅದೇ ಮಾತು. ಒಪ್ಪಿ ಹೊರಗೆ ಹೋಗುವ ಕುಟುಂಬಕ್ಕೆ ಮೊದಲು 10 ಲಕ್ಷ ರೂಪಾಯಿ ಇತ್ತು, 2021ರಿಂದ 15 ಲಕ್ಷ.

"ನನ್ನ ತಮ್ಮ ಹೋದ. ಹುಡುಗರ ಸಾಲಿ ಸಲುವಾಗಿ. ತಪ್ಪು ಅನ್ನಂಗಿಲ್ಲ ನಾ."

"ನೀವು ಯಾಕೆ ಹೋಗಲಿಲ್ಲ?"

ಅವರು ಕತ್ತಿಯ ಬಾಯಿ ನೋಡಿಕೊಂಡರು. "ಎಲ್ಲಾರೂ ಹೋದ್ರ ಲೈನ್ ಕಡಿಯೋರು ಯಾರ್ರಿ? ಯಾವ ಹಳ್ಳದಾಗ ಬೆಂಕಿ ನಿಲ್ತೈತಿ, ಯಾವುದರಾಗ ಜಿಗೀತೈತಿ, ಹೊರಗಿನಿಂದ ಬಂದವರಿಗೆ ತಿಳಿಯಾಕ ಹತ್ತು ವರ್ಷ ಬೇಕ್ರಿ."

ಈ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಕಾಡಿನೊಳಗೆ ರಸ್ತೆ, ಆಸ್ಪತ್ರೆ ಇಲ್ಲದೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹೋಗುತ್ತೇನೆ ಅನ್ನುವವರನ್ನು ಗೌರವದಿಂದ ಕಳಿಸಬೇಕು. ಇರುತ್ತೇನೆ ಅನ್ನುವವರಿಗೆ ಅವರ ತಿಳಿವಳಿಕೆಗೆ ತಕ್ಕ ಕೆಲಸ, ತಕ್ಕ ಸಂಬಳ ಸಿಗಬೇಕು. ಅದಕ್ಕೆಂದೇ ಇರುವ ದಾರಿ ಈ ಪ್ರತಿಷ್ಠಾನ, ಅಲ್ವಾ? ಹುಲಿಗೂ ಕುಣಬಿಗೂ ಒಂದೇ ಚೀಲದಲ್ಲಿ ದುಡ್ಡು ಇಟ್ಟ ಮೇಲೆ ಇಬ್ಬರ ಪಾಲೂ ಕಾಣಬೇಕು.

ಮಧ್ಯಾಹ್ನ ಕಾಕಾ ಹೇಳಿದ ಅವರ ನೆಂಟರ ಮನೆಯಲ್ಲಿ ಊಟ. ರೆಸಾರ್ಟಿನ ಪನೀರ್ ಮಸಾಲೆ ತಿಂದು ಬೇಸತ್ತಿದ್ದ ನಮಗೆ ಅಲ್ಲಿ ಸಿಕ್ಕಿದ್ದು ಮುಡ್ಲಿ ಗೆಡ್ಡೆಯ ಪಲ್ಯ, ಕೆಂಪಕ್ಕಿ ಅನ್ನ, ತಂಬಳಿ. ಮುಡ್ಲಿ ಕೆಸುವಿನ ಜಾತಿಯ ಭಾರಿ ಗೆಡ್ಡೆ, ಬೆಂದರೆ ಬೆಣ್ಣೆಯ ಹಾಗೆ ಮೆತ್ತಗೆ. ಜೊಯಿಡಾದಲ್ಲಿ ಜನವರಿ ಹೊತ್ತಿಗೆ ಗೆಡ್ಡೆ ಗೆಣಸಿನ ಮೇಳ ನಡೆಯುತ್ತದೆ. ನಾವು ಹೋದಾಗ ಮುಗಿದಿತ್ತು. ಆ ಕಡೆ ಹೋಗುವವರು ಅದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿ. ಉಳಿಯುವುದಾದರೆ ಊರವರ ಮನೆಯಲ್ಲೇ ಉಳಿಯಿರಿ. ಊಟಕ್ಕೆ ಕೊಟ್ಟ ದುಡ್ಡು ನಮ್ಮ ಕಣ್ಣೆದುರೇ ಆ ಮನೆಯ ತಾಯಿಯ ಕೈಗೆ ಹೋಯಿತು. ನನಗೆ ತುಂಬಾ ಸಮಾಧಾನವಾಯಿತು.

ವಾಪಸ್ ಬರುವಾಗ ಮತ್ತೆ ಗೇಟಿನ ಕಚೇರಿಗೆ ಹೋಗಿ ಅಭಿಪ್ರಾಯ ಪುಸ್ತಕ ಕೇಳಿದೆ. ಹಿಂದಿನ ಪುಟಗಳಲ್ಲಿ ಹೆಚ್ಚಿನವರು ಬರೆದಿದ್ದು ಒಂದೇ, ಹುಲಿ ಕಾಣಲಿಲ್ಲ ಅಂತ. ನಾನು ಹೀಗೆ ಬರೆದೆ: 'ಟಿಕೆಟ್ ಕೊಡುವ ಕಿಟಕಿಯ ಪಕ್ಕ ಒಂದು ಬೋರ್ಡ್ ಹಾಕಿ. ಹೋದ ವರ್ಷ ಪ್ರತಿಷ್ಠಾನಕ್ಕೆ ಎಷ್ಟು ಬಂತು, ಬೆಂಕಿ ರೇಖೆಗೆ ಎಷ್ಟು, ವಾಚರ್‌ಗಳಿಗೆ ಎಷ್ಟು, ಊರುಗಳಿಗೆ ಎಷ್ಟು ಅಂತ ಕನ್ನಡದಲ್ಲಿ ಬರೆಯಿರಿ. ಓದಿದ ಯಾರೂ ಟಿಕೆಟ್ ದುಬಾರಿ ಅನ್ನುವುದಿಲ್ಲ.' ಅಲ್ಲಿದ್ದ ಹುಡುಗ ಓದಿ, ಒಳ್ಳೆಯದೇ ಮೇಡಂ, ಮೇಲಿನವರಿಗೆ ತೋರಿಸುತ್ತೇನೆ ಅಂದ.

ಪರಿಸರ ಶಿಕ್ಷಣ ಪ್ರತಿಷ್ಠಾನದ ಕೆಲಸಗಳಲ್ಲಿ ಒಂದು ಅಂತ ಕಾಯ್ದೆಯೇ ಹೇಳುವುದರಿಂದ, ಊರಿಗೆ ಬಂದ ಮೇಲೆ ಅವರಿಗೇ ಒಂದು ಪತ್ರ ಬರೆದಿದ್ದೇನೆ. ಡಿಸೆಂಬರ್‌ನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆತರಲು ಅನುಮತಿ ಕೊಡಿ, ಜೀಪ್ ಸಫಾರಿ ಇಲ್ಲದಿದ್ದರೂ ನಡೆಯುತ್ತದೆ, ಬೆಂಕಿ ರೇಖೆ ಸವರುವುದನ್ನು ತೋರಿಸಿ, ವಿವರಿಸುವುದಕ್ಕೆ ಅಲ್ಲಿನ ವಾಚರ್ ಒಬ್ಬರನ್ನು ಕೊಡಿ ಅಂತ.